ಸೈಡ್ ಕೊಡೋದು

ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆ ಬರುತ್ತಾ ಮದ್ದೂರು ದಾಟಿದ್ದೆವು. ಸ್ಪೀಡೋಮೀಟರ್ ಮುಳ್ಳು ಸರಿಯಾಗಿ 100ರ ಮೇಲಿತ್ತು. ನಾನು ಡಿವೈಡರ್ ಪಕ್ಕದ ಲೇನ್‌ನಲ್ಲಿದ್ದೆ. ಮಧ್ಯದ ಲೇನ್ ಖಾಲಿ. ಎಡಗಡೆಯದು ಇನ್ನೂ ಖಾಲಿ. ಹಿಂದಿನಿಂದ ಬಿಳಿ ಕಾರೊಂದು ಬಂದು ಎರಡು ಸಲ ಲೈಟ್ ಹೊಡೆಯಿತು. ನಾನು ಕದಲಲಿಲ್ಲ. ಮತ್ತೆ ಹೊಡೆದ. ಆಮೇಲೆ ಕನ್ನಡಿಯಲ್ಲಿ ಅವನ ನಂಬರ್ ಪ್ಲೇಟೇ ಕಾಣದಷ್ಟು ಹತ್ತಿರ ಬಂದ.

"ಸೈಡ್ ಕೊಡು ಕಣ್ಲಾ," ಅಂದರು ಪಕ್ಕದಲ್ಲಿ ಕೂತಿದ್ದ ಮಾವ.

"ನಾನು ನೂರರಲ್ಲೇ ಇದೀನಲ್ಲ ಮಾವ. ಲಿಮಿಟ್ಟೇ ನೂರು. ಅದಕ್ಕಿಂತ ಜಾಸ್ತಿ ಅವನು ಯಾಕೆ ಹೋಗ್ಬೇಕು?"

"ನೀನೇನು ಪೊಲೀಸಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಬಿಳಿ ಕಾರಿನವನು ಎಡಕ್ಕೆ ನುಗ್ಗಿ, ನನ್ನ ಪಕ್ಕದಲ್ಲೇ ಹಾದು, ಬಾನೆಟ್ಟಿಗೆ ಸವರುವ ಹಾಗೆ ಮುಂದೆ ಬಂದ. ಬೇಕಂತಲೇ ಒಂದು ಸಲ ಬ್ರೇಕ್ ಲೈಟ್ ತೋರಿಸಿ ಹೋದ. ನಾನೂ ಬ್ರೇಕ್ ಒತ್ತಿದೆ. ಹಿಂದಿನ ಸೀಟಿನಲ್ಲಿದ್ದ ತಾಂಬೂಲದ ಚೀಲದಿಂದ ತೆಂಗಿನಕಾಯಿಯೊಂದು ಉರುಳಿ, ನನ್ನ ಸೀಟಿನ ಕೆಳಗೆ ನುಸುಳಿ, ಕಾಲಿನ ಹತ್ತಿರ ಬಂತು. ಮಾವ ಏನೂ ಮಾತಾಡದೆ ಬಗ್ಗಿ ಕೈ ಚಾಚಿ ಅದನ್ನು ತೆಗೆದರು. ಬ್ರೇಕ್ ಪೆಡಲ್ ಕೆಳಗೆ ಸೇರಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಚನ್ನಪಟ್ಟಣ ಬೈಪಾಸ್ ಬರುವವರೆಗೂ ಅವರು ಆ ಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಮೊದಲ ಹತ್ತು ಕಿಲೋಮೀಟರ್ ನನಗೆ ಆ ಬಿಳಿ ಕಾರಿನವನ ಮೇಲೇ ಸಿಟ್ಟು. ಅವನು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನೂರರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಅವನು ನನ್ನ ಹಿಂದೆ ಹತ್ತು ಮೀಟರ್ ಕೂಡ ಬಿಟ್ಟಿರಲಿಲ್ಲ. ಅಂದರೆ ನಾನು ಬ್ರೇಕ್ ಹಾಕಿದ್ದರೆ ಅವನ ಕೈಯಲ್ಲಿ ಇದ್ದದ್ದು ಅರ್ಧ ಸೆಕೆಂಡೂ ಅಲ್ಲ. ಮುಂದಿನ ಬ್ರೇಕ್ ಲೈಟ್ ಕಂಡು ಮನುಷ್ಯನ ಕಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಹೋಗುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಆದರೆ ನಾನು ಅಲ್ಲಿ ಏನು ಮಾಡುತ್ತಿದ್ದೆ? ಯಾರನ್ನೂ ಓವರ್‌ಟೇಕ್ ಮಾಡುತ್ತಿರಲಿಲ್ಲ. ಎಡಕ್ಕೆ ಎರಡು ಲೇನ್ ಖಾಲಿ ಬಿದ್ದಿದ್ದವು. ಡಿವೈಡರ್ ಪಕ್ಕ ಆರಾಮ, ಯಾರೂ ಅಡ್ಡ ಬರಲ್ಲ ಅಂತ ಸುಮ್ನೆ ಅಲ್ಲೇ ಇದ್ದೆ. ನಿಯಮ ಏನು ಅಂದರೆ ಎಡಕ್ಕೆ ಇರು, ದಾಟುವುದಕ್ಕೆ ಬಲಕ್ಕೆ ಬಾ, ದಾಟಿದ ಮೇಲೆ ವಾಪಸ್ ಎಡಕ್ಕೆ ಹೋಗು. ಡ್ರೈವಿಂಗ್ ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟ ನೆನಪಿಲ್ಲ. ನನಗೆ ಅಲ್ಲಿ ಹೇಳಿಕೊಟ್ಟಿದ್ದು ಎಂಟು ಬಿಡಿಸೋದು, ರಿವರ್ಸ್ ತೆಗೆಯೋದು, ಆಮೇಲೆ ಲೈಸೆನ್ಸ್ ಫೋಟೋಗೆ ನೆಟ್ಟಗೆ ಕೂರೋದು. ರಸ್ತೆಯ ಸ್ಪೀಡ್ ಕ್ಯಾಮೆರಾಗೆ ಬಿಳಿ ಕಾರಿನವನ ತಪ್ಪು ಕಾಣುತ್ತದೆ. ನನ್ನ ತಪ್ಪು ಕಾಣುವುದಿಲ್ಲ. ಅದಕ್ಕೇ ನಾನು ಸಾಚಾ ಅಂದುಕೊಂಡು ಕೂತಿದ್ದೆ.

ಮಾವ ಲಾರಿ ಓಡಿಸಿದವರು. ಎಂಬತ್ತರ ದಶಕದಲ್ಲಿ ಕ್ಲೀನರ್ ಆಗಿ ಹತ್ತಿ, ಮೂವತ್ತು ವರ್ಷದ ಮೇಲೆ ಸ್ಟೇರಿಂಗ್ ಹಿಡಿದು, ಕಣ್ಣು ಮಂಜಾದ ಮೇಲೆ ಇಳಿದರು. ಮಂಡ್ಯದಿಂದ ಬೆಲ್ಲ ತುಂಬಿಕೊಂಡು ಬಡಗಣಕ್ಕೆ, ವಾಪಸ್ ಬರುವಾಗ ಚಿತ್ರದುರ್ಗದ ಕಡೆ ಈರುಳ್ಳಿ ಹಾಕಿಕೊಂಡು ಯಶವಂತಪುರದ ಎಪಿಎಂಸಿಗೆ. ತುಮಕೂರು, ಚಿತ್ರದುರ್ಗದ ಮೇಲೆ ಹೋಗುವ ಆ ಹೆದ್ದಾರಿ ಆಗ ಎನ್‌ಎಚ್ 4. ಈಗ ನಂಬರ್ ಬದಲಾಗಿ 48 ಆಗಿದೆ, ಆದರೆ ನಮ್ಮೂರಲ್ಲಿ ಇನ್ನೂ 'ಎನ್ನೆಚ್ ಫೋರ್' ಅಂತಲೇ ಕರೆಯುತ್ತಾರೆ. ಸುವರ್ಣ ಚತುಷ್ಪಥ ಹೆದ್ದಾರಿ ಯೋಜನೆ ಬರುವ ಮೊದಲು ಅದು ಹೋಗೋಕೆ ಒಂದು, ಬರೋಕೆ ಒಂದು, ಅಷ್ಟೇ ಅಗಲದ ರಸ್ತೆ. ಎರಡೂ ಕಡೆ ಹುಣಸೆ ಮರ, ಬುಡಕ್ಕೆ ಬಿಳಿ ಬಳಿದಿರುತ್ತಿದ್ದರು.

ಆ ರಸ್ತೆಯಲ್ಲಿ ಒಬ್ಬರನ್ನು ದಾಟುವುದು ಎಂದರೆ ಎದುರಿನವನ ದಾರಿಗೆ ಇಳಿಯುವುದು. ಲೆಕ್ಕ ಹಾಕಿ ನೋಡಿ. ಲಾರಿ 50ರಲ್ಲಿ ಹೋಗುತ್ತಿದೆ, ನೀವು 70ರಲ್ಲಿ ಅದನ್ನು ದಾಟಬೇಕು. ಲಾರಿಯ ಉದ್ದ, ಹಿಂದೆ ಮುಂದೆ ಬಿಡುವ ಜಾಗ ಎಲ್ಲ ಸೇರಿ ಐವತ್ತು ಮೀಟರ್ ಹೆಚ್ಚು ಓಡಬೇಕು ಅಂದುಕೊಳ್ಳಿ. ಅದಕ್ಕೆ 9 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು 175 ಮೀಟರ್ ಮುಂದೆ ಹೋಗಿರುತ್ತೀರಿ. ಎದುರಿನಿಂದ 60ರಲ್ಲಿ ಬರುವ ಬಸ್ಸು 150 ಮೀಟರ್ ಹತ್ತಿರ ಬಂದಿರುತ್ತದೆ. ಒಟ್ಟು 325 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಂಡರೆ ಮಾತ್ರ ಹೊರಡಬೇಕು, ಅದೂ ಏನೂ ಎಡವಟ್ಟಾಗದಿದ್ದರೆ. ಮಾವನಿಗೆ ಈ ಲೆಕ್ಕ ಮೀಟರಿನಲ್ಲಿ ಬರುವುದಿಲ್ಲ. "ಎದುರಿನ ಗಾಡಿ ಬಣ್ಣ ಗೊತ್ತಾಯ್ತು ಅಂದ್ರೆ ಹೊರಡಬೇಡ" ಅನ್ನುವುದು ಅವರ ಲೆಕ್ಕ.

ಮುಂದೆ ದೊಡ್ಡ ಲಾರಿ ಇದ್ದರೆ ಹಿಂದಿನವನಿಗೆ ಎದುರಿನ ರಸ್ತೆಯೇ ಕಾಣುವುದಿಲ್ಲ. ಕಾಣುವುದು ಮುಂದಿನವನಿಗೆ. ಹಾಗಾಗಿ ಹಿಂದಿನವನು ಕೇಳಬೇಕು, ಮುಂದಿನವನು ಹೇಳಬೇಕು. 'ಸೈಡ್ ಕೊಡೋದು' ಅಂದರೆ ಅದೇ. ಲಾರಿ ಹಿಂದೆ 'ಸೌಂಡ್ ಹಾರ್ನ್' ಅಂತ ಬರೆದಿದ್ದು ಅಂದಕ್ಕಲ್ಲ, ನಿಜವಾಗಿ ಹಾರ್ನ್ ಮಾಡಿ ಕೇಳಲಿ ಅಂತ. ಕೇಳಿದರೆ ಕ್ಲೀನರ್ ಎಡಗಡೆ ಬಾಗಿಲಿನಿಂದ ತಲೆ ಹೊರಗೆ ಹಾಕಿ ಹಿಂದೆ ನೋಡುತ್ತಿದ್ದ. ಡ್ರೈವರ್ ಬಲಗೈ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ ಒತ್ತಿದ ಹಾಗೆ ಆಡಿಸಿದರೆ ತಡಿ ಅಂತ. ಹಿಂದಿನಿಂದ ಮುಂದಕ್ಕೆ ಬೀಸಿದರೆ ಬಾ ಅಂತ. ದಾಟಿದವನು ಒಂದು ಸಣ್ಣ ಹಾರ್ನ್ ಹೊಡೆದು ಹೋಗುತ್ತಿದ್ದ.

ಇಂಡಿಕೇಟರಿನ ಭಾಷೆ ಮಾತ್ರ ಗೋಜಲು. ಎಡ ಇಂಡಿಕೇಟರ್ ಹಾಕಿದರೆ ಹೋಗು ಅಂತ ಕೆಲವರು. ಬಲ ಇಂಡಿಕೇಟರ್ ಹಾಕಿದರೆ ಬಲಗಡೆಯಿಂದ ಹೋಗು ಅಂತ ಇನ್ನು ಕೆಲವರು. ರಾತ್ರಿ ಎದುರಿನವನಿಗೆ ತನ್ನ ಗಾಡಿಯ ಅಂಚು ಎಲ್ಲಿದೆ ಅಂತ ತೋರಿಸಲು ಬಲ ಇಂಡಿಕೇಟರ್ ಹಾಕಿಕೊಂಡೇ ಬರುವವರೂ ಇದ್ದಾರೆ. ಮತ್ತೆ ನಿಜವಾಗಲೂ ಬಲಕ್ಕೆ ತಿರುಗುವವನೂ ಅದನ್ನೇ ಹಾಕುತ್ತಾನಲ್ಲ. ಒಂದೇ ದೀಪಕ್ಕೆ ಇಷ್ಟು ಅರ್ಥ. "ದೀಪ ನೋಡಬೇಡ, ಮುಂದಿನ ಚಕ್ರ ನೋಡು," ಅನ್ನುತ್ತಾರೆ ಮಾವ. "ಚಕ್ರ ಸುಳ್ಳು ಹೇಳಲ್ಲ."

ಲೈಟ್ ಹೊಡೆಯುವುದೂ ಹಾಗೇ. ನಮ್ಮಲ್ಲಿ ಎದುರಿನವನು ಲೈಟ್ ಹೊಡೆದರೆ 'ನಾನು ಬರ್ತಾ ಇದೀನಿ, ನೀನು ನಿಲ್ಲು' ಅಂತ. ಇಂಗ್ಲೆಂಡಿನಲ್ಲಿ ಓಡಿಸಿ ಬಂದ ನನ್ನ ಗೆಳೆಯ ಅದನ್ನು 'ನೀವು ಮೊದಲು ಹೋಗಿ' ಅಂತ ತಿಳಿದು, ಊರಿಗೆ ಬಂದ ಮೊದಲ ವಾರದಲ್ಲೇ ಕಿರಿದಾದ ಸೇತುವೆಯೊಂದರ ಮೇಲೆ ಲಾರಿಗೆ ಮುಖಾಮುಖಿ ನಿಂತಿದ್ದ. ಪುಣ್ಯಕ್ಕೆ ಇಬ್ಬರೂ ನಿಧಾನವಾಗಿದ್ದರು.

ಈಗ ರಸ್ತೆ ಅಗಲವಾಗಿದೆ. ಮೈಸೂರು ರಸ್ತೆಯನ್ನೇ ನೋಡಿ. 2023ರ ಮಾರ್ಚಿನಲ್ಲಿ ಉದ್ಘಾಟನೆ ಆದಾಗ ನಾವೆಲ್ಲ ವಿಡಿಯೋ ಹಂಚಿಕೊಂಡಿದ್ದೇ ಹಂಚಿಕೊಂಡಿದ್ದು. ಹೋಗೋಕೆ ಮೂರು ಲೇನ್, ಬರೋಕೆ ಮೂರು, ಅಕ್ಕಪಕ್ಕ ಸರ್ವಿಸ್ ರೋಡ್ ಬೇರೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲದಕ್ಕೂ ಬೈಪಾಸ್. ಅದಾದ ಕೆಲವೇ ತಿಂಗಳಲ್ಲಿ ದಿನಾ ಅಪಘಾತದ ಸುದ್ದಿ. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡುವುದು ನಿಲ್ಲಿಸಿದರು. ಆಮೇಲೆ ಕ್ಯಾಮೆರಾಗಳು ಬಂದವು. 2024ರ ಆಗಸ್ಟಿನಿಂದ 130 ದಾಟಿದರೆ ಎಫ್‌ಐಆರ್ ಅಂತ ಪೊಲೀಸರು ಹೇಳಿದರು.

ಕ್ಯಾಮೆರಾ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಕ್ಯಾಮೆರಾ ಕಂಬದ ಹತ್ತಿರ ನಡೆಯುವುದನ್ನು ನೀವೂ ನೋಡಿರುತ್ತೀರಿ. 125ರಲ್ಲಿ ಬರುತ್ತಿದ್ದವರು ಫೋನಿನ ಮ್ಯಾಪು ಟಿಂಗ್ ಅಂದ ಕೂಡಲೇ ಒಟ್ಟಿಗೇ ಬ್ರೇಕ್ ಹಾಕುತ್ತಾರೆ. ಕಂಬ ದಾಟುವವರೆಗೆ ಎಲ್ಲರೂ ಸಾಧುಗಳು. ದಾಟಿದ ಮೇಲೆ ಮತ್ತೆ ಮೊದಲಿನ ಹಾಗೇ. ಆ ಒಂದು ಬ್ರೇಕ್ ಹಿಂದಿನವನಿಗೆ ಗೊತ್ತಿರುವುದಿಲ್ಲ. ಇನ್ನು ಮಳೆ ಬಂದರಂತೂ ಎಲ್ಲರೂ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡುತ್ತಾರೆ. ಅದು ನಿಂತ ಗಾಡಿಯ ಗುರುತು. ಓಡುವ ಗಾಡಿಯಲ್ಲಿ ಹಾಕಿದರೆ, ಯಾರು ಲೇನ್ ಬದಲಿಸುತ್ತಿದ್ದಾರೆ, ಯಾರು ನಿಜವಾಗಿ ನಿಂತಿದ್ದಾರೆ, ಒಂದೂ ತಿಳಿಯುವುದಿಲ್ಲ. ರಾಮನಗರದ ಹತ್ತಿರ ಒಮ್ಮೆ ಜೋರು ಮಳೆಯಲ್ಲಿ ಮುಂದಿನ ಆರೇಳು ಕಾರು ದೀಪಾವಳಿಯ ಸೀರಿಯಲ್ ಸೆಟ್ ಹಾಗೆ ಮಿನುಗುತ್ತಿದ್ದವು. ಅವುಗಳಲ್ಲಿ ಒಂದು ನಿಂತೇ ಬಿಟ್ಟಿತ್ತು. ನಾನು ತಪ್ಪಿಸಿಕೊಂಡಿದ್ದು ಜಾಣತನದಿಂದ ಅಲ್ಲ.

ಸ್ಪೀಡಿನ ಲೆಕ್ಕವೂ ತಮಾಷೆಯದೇ. ಈ ರಸ್ತೆಯ ಉದ್ದ ಸುಮಾರು 118 ಕಿಲೋಮೀಟರ್. ನೂರರಲ್ಲಿ ಹೋದರೆ 71 ನಿಮಿಷ. 120ರಲ್ಲಿ ಹೋದರೆ 59. ಉಳಿಯುವುದು 12 ನಿಮಿಷ, ಅದೂ ಎಲ್ಲೂ ಕಾಲು ಎತ್ತದೆ ಓಡಿಸಿದರೆ. ಆ 12 ನಿಮಿಷವನ್ನು ಕೆಂಗೇರಿ ಮತ್ತು ನಾಯಂಡಹಳ್ಳಿ ನಡುವೆ ಬೆಂಗಳೂರು ನಗುನಗುತ್ತಾ ವಾಪಸ್ ತಗೊಳ್ಳುತ್ತದೆ. ಆ ದಿನ ನಮ್ಮನ್ನು ದಾಟಿ ಹೋದ ಬಿಳಿ ಕಾರು ಕೂಡ ಟೋಲ್ ದಾಟಿದ ಮೇಲೆ ನಮ್ಮಿಂದ ನಾಲ್ಕು ಗಾಡಿ ಮುಂದೆ ಸಿಗ್ನಲ್‌ನಲ್ಲಿ ನಿಂತಿತ್ತು. ನಾನು ತೋರಿಸಿದೆ. ಮಾವ ನಗಲಿಲ್ಲ.

"ಹಾಗಾದ್ರೆ ಅವ್ನಿಗೆ ದಾರಿ ಬಿಟ್ಟಿದ್ರೆ ನಿನ್ಗೇನು ಹೋಗ್ತಿತ್ತು?" ಅಂದರು.

ಸರಿ ಮಾತು ಅಲ್ವಾ? ವೇಗದ ಮಿತಿ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. 2018ರಲ್ಲಿ ಕೇಂದ್ರ ಸಾರಿಗೆ ಇಲಾಖೆ ಹೊರಡಿಸಿದ ಅಧಿಸೂಚನೆಯಲ್ಲಿ ಡಿವೈಡರ್ ಇರುವ ನಾಲ್ಕು ಅಥವಾ ಹೆಚ್ಚು ಲೇನಿನ ರಸ್ತೆಗೆ ಕಾರಿಗೆ 100, ಬಸ್ಸಿಗೆ 90, ಲಾರಿಗೆ 80 ಅಂತ ಗರಿಷ್ಠ ಇಟ್ಟಿದ್ದರು. ಅಂದರೆ ಎಲ್ಲರೂ ಕಾನೂನು ಪಾಲಿಸಿದರೂ ಒಬ್ಬರನ್ನೊಬ್ಬರು ದಾಟುತ್ತಲೇ ಇರಬೇಕು. ದಾಟುವುದಕ್ಕೆ ಜಾಗ ಬೇಕು. ಆ ಜಾಗ ಬಲಗಡೆ ಲೇನ್. ಅದು ಜೋರಾಗಿ ಹೋಗುವವರ ಆಸ್ತಿ ಅಲ್ಲ. ಹಾಗೆಯೇ ನೂರರಲ್ಲಿ ನೆಟ್ಟಗೆ ಹೋಗುವ ನನ್ನಂಥವರ ಆಸ್ತಿಯೂ ಅಲ್ಲ. ಅದು ಬಂದು ಹೋಗುವ ಜಾಗ, ಮನೆಯ ಹೊಸ್ತಿಲ ಹಾಗೆ. ಹೊಸ್ತಿಲ ಮೇಲೆ ಕೂರಬೇಡ ಅಂತ ಅಜ್ಜಿ ಬೈಯುತ್ತಿದ್ದಳು. ಅವಳ ಕಾರಣ ಬೇರೆ ಇತ್ತು, ಇರಲಿ.

ಇನ್ನೊಂದು ನಿಯಮ 1989ರಲ್ಲೇ ಬರೆದಿಟ್ಟಿದ್ದಾರೆ. ನಿಮ್ಮನ್ನು ಒಬ್ಬ ಓವರ್‌ಟೇಕ್ ಮಾಡುತ್ತಿರುವಾಗ ನೀವು ಸ್ಪೀಡ್ ಜಾಸ್ತಿ ಮಾಡಬಾರದು. ಇದನ್ನು ಬರೆದವರಿಗೆ ನಮ್ಮ ಮನಸ್ಸು ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ 80ರಲ್ಲಿ ಹಾಡು ಕೇಳುತ್ತಾ ಹೋಗುತ್ತಿದ್ದವನಿಗೆ ಪಕ್ಕದಲ್ಲಿ ಇನ್ನೊಂದು ಕಾರಿನ ಮೂತಿ ಕಂಡ ಕೂಡಲೇ ಕಾಲು ತಾನಾಗೇ ಕೆಳಗಿಳಿಯುತ್ತದೆ. ನಾನೂ ಮಾಡಿದ್ದೇನೆ. ಎಷ್ಟು ಸಲ ಅಂತ ಕೇಳಬೇಡಿ.

ಲಾರಿಗಳ ವಿಷಯಕ್ಕೆ ಬರದೆ ಈ ಮಾತು ಮುಗಿಯುವುದಿಲ್ಲ. ಕಾರಿನವರ ದೊಡ್ಡ ದೂರು ಅದೇ. ಲಾರಿಗಳು ಡಿವೈಡರ್ ಸೈಡ್ ಬಿಟ್ಟು ಕದಲಲ್ಲ, ಎಷ್ಟು ಹಾರ್ನ್ ಹೊಡೆದರೂ ಕೇಳಲ್ಲ, ಕೊನೆಗೆ ಎಡದಿಂದಲೇ ದಾಟಬೇಕು. ಮಾರನೇ ದಿನ ಮಾವನನ್ನು ಊರಿಗೆ ಬಿಡಲು ತುಮಕೂರು ರಸ್ತೆ ಹಿಡಿದಾಗ ನಾನು ಇದನ್ನೇ ಕೇಳಿದೆ. ಕೇಳುವ ಧಾಟಿಯಲ್ಲಿ ಹಿಂದಿನ ದಿನದ ಸೇಡು ಸ್ವಲ್ಪ ಇತ್ತು.

ಮಾವ ಕೈಯಿಂದಲೇ ತೋರಿಸುತ್ತಾ ಹೋದರು. "ಎಡಗಡೆ ನೋಡು. ಅಲ್ಲಿ ಬಸ್ಸು ನಿಂತೈತೆ, ಜನ ಇಳೀತಾವ್ರೆ. ಅಗೋ ರಾಂಗ್ ಸೈಡಲ್ಲಿ ಬೈಕ್ ಬಂದ. ಅಲ್ಲಿ ಹೋಟ್ಲು ಮುಂದೆ ಐದು ಲಾರಿ, ಅರ್ಧ ರೋಡಿಗೆ ಬಂದವೆ. ಹದಿನಾರು ಟನ್ ಲೋಡು ಹಾಕ್ಕೊಂಡು ಐವತ್ತರಲ್ಲಿ ಹೋಗೋನು ಇವ್ರೆಲ್ಲರಿಗೂ ಬ್ರೇಕ್ ಹೊಡೀತಾ ಕೂತ್ರೆ, ಮತ್ತೆ ಟಾಪ್ ಗೇರಿಗೆ ಬರೋಕೆ ಎಷ್ಟು ಹೊತ್ತು ಬೇಕು ಗೊತ್ತಾ? ಡೀಸೆಲ್ ಯಾರಪ್ಪನ್ದು? ಅದ್ಕೇ ಡಿವೈಡರ್ ಹಿಡ್ಕೊಳ್ಳೋದು."

ಅದು ಸರಿ ಅಂತ ಅವರು ಹೇಳಲಿಲ್ಲ. ಹಾಗಿದೆ ಅಂದರು ಅಷ್ಟೇ. ನನಗೂ ಅನಿಸಿತು, ನಾವು ಬಲಗಡೆ ಲೇನ್ ಬಗ್ಗೆ ಇಷ್ಟು ಮಾತಾಡುತ್ತೇವೆ, ಎಡಗಡೆ ಲೇನನ್ನು ಯಾರಾದರೂ ಖಾಲಿ ಇಟ್ಟಿದ್ದಾರಾ? ರಸ್ತೆ ಮಾಡುವಾಗ ಊರಿನವರಿಗೆ ಅಡ್ಡ ದಾಟಲು ದಾರಿ ಬಿಡದೆ, ಯೂಟರ್ನ್ ನಾಲ್ಕು ಕಿಲೋಮೀಟರ್ ದೂರ ಇಟ್ಟರೆ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕಿನವನು ರಾಂಗ್ ಸೈಡಲ್ಲೇ ಬರುತ್ತಾನೆ. ಅವನಿಗಾಗಿ ಲಾರಿ ಬಲಕ್ಕೆ ಸರಿಯುತ್ತದೆ. ಲಾರಿಗಾಗಿ ಕಾರು ಎಡಕ್ಕೆ ನುಗ್ಗುತ್ತದೆ. ಅಲ್ಲಿ ಬೈಕಿನವನೇ ಸಿಗುತ್ತಾನೆ.

ಎರಡು ಲಾರಿ ಪೈಪೋಟಿಗೆ ಬಿದ್ದಾಗ ಮಾತ್ರ ನನಗೆ ಯಾವ ಸಮಾಧಾನವೂ ಸಾಲುವುದಿಲ್ಲ. 60ರಲ್ಲಿ ಹೋಗುವ ಲಾರಿಯನ್ನು 65ರಲ್ಲಿ ಹೋಗುವ ಲಾರಿ ದಾಟುವುದಕ್ಕೆ ಅರ್ಧ ನಿಮಿಷದ ಮೇಲೆ ಬೇಕು. ಅಷ್ಟರಲ್ಲಿ ಎರಡೂ ಸೇರಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ರಸ್ತೆ ಮುಚ್ಚಿಕೊಂಡು ಹೋಗಿರುತ್ತವೆ. ಜರ್ಮನಿಯಲ್ಲಿ ಇದಕ್ಕೆ ಆನೆಗಳ ಓಟ ಅಂತ ಹೆಸರಿದೆಯಂತೆ. ಕೇಳಿ ಮಾವ ಮೊದಲ ಸಲ ಜೋರಾಗಿ ನಕ್ಕರು. "ಆನೆ ವಾಸಿ ಕಣ್ಲಾ, ದಾರಿ ಬಿಡ್ತವೆ."

ಎಡದಿಂದ ದಾಟಬೇಡ ಅಂತ ಅವರು ಹೇಳಿದ್ದು ಸಿರಾ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಎಡ ಲೇನ್‌ನಲ್ಲಿ ಹೆಡ್‌ಲೈಟಿಗೆ ಏನೋ ಹಸಿರು ಸಿಕ್ಕಿತು. ಹೊಂಗೆ ಮರದ ಕೊಂಬೆ, ಎಲೆಗಳ ಸಮೇತ. ಅದರ ಮುಂದೆ ಸಾಲಾಗಿ ನಾಲ್ಕು ಕಲ್ಲು. ಅದರ ಮುಂದೆ ದೀಪವಿಲ್ಲದೆ ನಿಂತ ಲಾರಿ, ಹಿಂದಿನ ಚಕ್ರ ಬಿಚ್ಚಿಟ್ಟಿದ್ದರು. ತ್ರಿಕೋನದ ಕೆಂಪು ಫಲಕ ಇಡಬೇಕು ಅಂತ ನಿಯಮ. ನಮ್ಮಲ್ಲಿ ಸೊಪ್ಪಿನ ಕೊಂಬೆಯೇ ಫಲಕ. ಕೆಟ್ಟ ಗಾಡಿ ರಿಪೇರಿಯಾಗಿ ಹೊರಟ ಮೇಲೆ ಕೊಂಬೆ ಗಾಳಿಗೆ ಹಾರುತ್ತದೆ, ಕಲ್ಲು ಮಾತ್ರ ಅಲ್ಲೇ ಉಳಿಯುತ್ತದೆ. ತಾವು ಮೂವತ್ತು ವರ್ಷದಲ್ಲಿ ಎತ್ತಿ ಬದಿಗೆ ಹಾಕಿದ ಕಲ್ಲಿನಲ್ಲಿ ಒಂದು ಮನೆ ಕಟ್ಟಬಹುದಿತ್ತು ಅನ್ನುತ್ತಾರೆ ಮಾವ.

ಜವನಗೊಂಡನಹಳ್ಳಿ ಇನ್ನೂ ಸ್ವಲ್ಪ ದೂರ ಇರುವಾಗ ಬಲ ಲೇನ್‌ನಲ್ಲಿ ಒಂದು ಲಾರಿ ಸಿಕ್ಕಿತು. ಟಾರ್ಪಾಲು ಬಿಗಿದು ಕಟ್ಟಿದ ಭರ್ತಿ ಲೋಡು, ವೇಗ ಐವತ್ತು ಇರಬಹುದು. ಮಧ್ಯದ ಲೇನ್‌ನಲ್ಲಿ ಇನ್ನೊಂದು ಲಾರಿ, ಅದರ ವೇಗವೂ ಹೆಚ್ಚುಕಡಿಮೆ ಅಷ್ಟೇ. ಎಡ ಖಾಲಿ ಕಾಣುತ್ತಿತ್ತು. ನಾನು ಒಂದು ಸಲ ಲೈಟ್ ಹೊಡೆದೆ. ಏನೂ ಆಗಲಿಲ್ಲ. ಇನ್ನೊಂದು ಸಲ ಹೊಡೆಯಲು ಬೆರಳು ಹೋಯಿತು.

"ಕೇಳಿದ್ದೀಯಲ್ಲ, ಅವ್ನಿಗೆ ಗೊತ್ತಾಗೈತೆ. ತಡಿ," ಅಂದರು ಮಾವ.

ತಡೆದೆ. ಗ್ಯಾಪ್ ಬಿಟ್ಟೆ. ಮುಂದಿನ ಲಾರಿ ದಾಟಿದ ಕಂಬ ಗುರುತಿಟ್ಟುಕೊಂಡು ಒಂದು, ಎರಡು, ಮೂರು ಅಂತ ನಿಧಾನವಾಗಿ ಎಣಿಸಿ, ಆಮೇಲೆ ನಾನು ಆ ಕಂಬ ದಾಟುವ ಹಾಗೆ ಹಿಂದೆ ಉಳಿದೆ. ಅಷ್ಟು ಹಿಂದೆ ಸರಿದ ಮೇಲೆ ರಸ್ತೆ ಚೆನ್ನಾಗಿ ಕಾಣತೊಡಗಿತು. ಎಡ ಲೇನ್ ಖಾಲಿ ಇರಲಿಲ್ಲ. ರಾಗಿ ಹುಲ್ಲು ಗೋಪುರದ ಹಾಗೆ ಹೇರಿಕೊಂಡ ಟ್ರ್ಯಾಕ್ಟರ್ ಒಂದು ಕತ್ತಲಲ್ಲಿ ತೆವಳುತ್ತಿತ್ತು. ಹಿಂದೆ ದೀಪವಿಲ್ಲ, ಒಂದು ಚೂರು ರೇಡಿಯಂ ಸ್ಟಿಕ್ಕರೂ ಇಲ್ಲ. ಎರಡೂ ಲಾರಿಗಳು ಅದನ್ನು ನೋಡಿಯೇ ಬಲಕ್ಕೆ ಸರಿದಿದ್ದವು. ನಾನು ಎಡದಿಂದ ನುಗ್ಗಿದ್ದರೆ ಹುಲ್ಲಿನೊಳಗೆ ಇರುತ್ತಿದ್ದೆ.

ಟ್ರ್ಯಾಕ್ಟರ್ ಹಿಂದೆ ಬಿದ್ದ ಮೇಲೆ ಮಧ್ಯದ ಲಾರಿ ಎಡಕ್ಕೆ ಹೋಯಿತು. ಬಲಗಡೆಯದು ಎಡ ಇಂಡಿಕೇಟರ್ ಹಾಕಿತು. ನಾನು ಚಕ್ರ ನೋಡಿದೆ. ಚಕ್ರವೂ ಎಡಕ್ಕೆ ಹೊರಳಿ, ಲಾರಿ ಮಧ್ಯದ ಲೇನಿಗೆ ಬಂತು. ನಾನು ಅವನ ಪಕ್ಕಕ್ಕೆ ಬರುವಷ್ಟರಲ್ಲಿ ಮಾವ ಕಿಟಕಿ ಇಳಿಸಿ ಎಡಗೈ ಹೊರಗೆ ಎತ್ತಿದ್ದರು. ಮೇಲಿನ ಕ್ಯಾಬಿನ್‌ನಲ್ಲಿ ಯಾರ ಮುಖವೂ ನನಗೆ ಕಾಣಲಿಲ್ಲ. ಸಣ್ಣದೊಂದು ಹಾರ್ನ್ ಮಾತ್ರ ಕೇಳಿಸಿತು.

ದಾಟಿ ಸಾಕಷ್ಟು ಮುಂದೆ ಹೋಗಿ, ಕನ್ನಡಿಯಲ್ಲಿ ಅವನ ಎರಡೂ ಹೆಡ್‌ಲೈಟ್ ಕಂಡ ಮೇಲೆ ನಾನೂ ಎಡಕ್ಕೆ ಬಂದೆ. ಕಾರಿನೊಳಗೆಲ್ಲ ಸಿಹಿ, ಸ್ವಲ್ಪ ಹೊಗೆ ಹೊಗೆ ವಾಸನೆ ತುಂಬಿಕೊಂಡಿತ್ತು. ಏಸಿ ಹಾಕಿದ್ದರಿಂದ ಕಿಟಕಿ ಏರಿಸಲು ಬಟನ್ನಿಗೆ ಕೈ ಹಾಕಿದೆ.

"ಬೆಲ್ಲ," ಅಂದರು ಮಾವ. "ಏರಿಸ್ಬೇಡ, ಹಂಗೇ ಇರ್ಲಿ."